ಅಣ್ಣನ ಕಲ್ಲು, ತಮ್ಮನ ಒಲೆ

ತಂದೆ ತೀರಿಕೊಂಡ ಮೇಲೆ ಆ ಮನೆಯ ನಡುವೆ ಒಂದು ಗೋಡೆ ಎದ್ದಿತು. ಮನಸ್ತಾಪಕ್ಕೆ ಎದ್ದ ಗೋಡೆಯಲ್ಲ. ಒಂದು ಕಡೆ ತಮ್ಮನ ಬೇಕರಿ, ಇನ್ನೊಂದು ಕಡೆ ಅಣ್ಣನ ಕನ್ನಡಕದಂಗಡಿ. ಹಿಟ್ಟಿನ ಧೂಳು ಹಾರಿ ಬಂದು ಉಜ್ಜಿಟ್ಟ ಗಾಜಿನ ಮೇಲೆಲ್ಲ ಕೂರುತ್ತದೆ ಎಂದು ಇಬ್ಬರೂ ಒಪ್ಪಿ ಎಬ್ಬಿಸಿದ್ದು. ಗೋಡೆ ಎದೆಮಟ್ಟಕ್ಕೆ ಬಂದಾಗ ಅಣ್ಣನ ಹೆಂಡತಿ ಮೇಸ್ತ್ರಿಯ ಪಕ್ಕದಲ್ಲಿ ಹೋಗಿ ನಿಂತು, “ಇಲ್ಲೊಂದು ಊಟದ ತಟ್ಟೆ ತೂರೋವಷ್ಟು ಜಾಗ ಬಿಡಪ್ಪ” ಎಂದಿದ್ದರು. ಮೇಸ್ತ್ರಿ ಬಿಟ್ಟ. ಅದಕ್ಕೊಂದು ಪುಟ್ಟ ಮರದ ಬಾಗಿಲೂ ಕೂತಿತು. ಅಂದಿನಿಂದ ಬೆಳಿಗ್ಗೆ ಆ ಕಿಂಡಿಯಿಂದ ಈಚೆಗೆ ಬಿಸಿ ಬ್ರೆಡ್ಡು ಬರುತ್ತಿತ್ತು, ಸಂಜೆಯಾದ ಮೇಲೆ ಆಚೆಗೆ ಊಟ ಹೋಗುತ್ತಿತ್ತು. ತಮ್ಮನ ಹೆಂಡತಿ ಬೇಗನೆ ದೇವರ ಪಾದ ಸೇರಿದ್ದಳು, ಮಕ್ಕಳಿರಲಿಲ್ಲ. ಆ ತಟ್ಟೆಯ ಜೊತೆ ಹೋಗಿ ಬರುವ ನಾಲ್ಕು ಮಾತೇ ಅವನ ಸಂಸಾರ. ಅವನು ‘ಅತ್ತಿಗೆ’ ಎಂದು ಕೂಗುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಆಕೆಯನ್ನು ಅತ್ತಿಗೆ ಎಂದೇ ಕರೆಯುವುದು ರೂಢಿಯಾಗಿತ್ತು. ಆಕೆಯ ಗಂಡನನ್ನು ಕನ್ನಡಕದಣ್ಣ ಎನ್ನುತ್ತಿದ್ದರು.

ಕನ್ನಡಕದಣ್ಣನವರಿಗೆ ಹಗಲೆಲ್ಲ ಊರಿನವರ ಕಣ್ಣಿನ ಚಿಂತೆ, ಹೊತ್ತು ಮುಳುಗಿದ ಮೇಲೆ ತಮ್ಮ ಕಣ್ಣಿನ ಹಬ್ಬ. ಮಹಡಿಯ ಮೇಲೆ ತಾವೇ ಕೈಯಾರೆ ತಿಕ್ಕಿದ ಕನ್ನಡಿಯ ದೂರದರ್ಶಕ ಇಟ್ಟುಕೊಂಡಿದ್ದರು. ಅದಕ್ಕೊಂದು ಕ್ಯಾಮೆರಾ, ಕ್ಯಾಮೆರಾಕ್ಕೊಂದು ಹಳೆಯ ಕಂಪ್ಯೂಟರು. ಆಕಾಶದ ಜೊತೆ ಕೊಳವೆಯನ್ನೂ ತಿರುಗಿಸುವ ಮೋಟಾರು ಮಾತ್ರ ಮುದಿಯಾಗಿತ್ತು. ಆಗಾಗ ಸೋಮಾರಿತನ ಮಾಡುತ್ತಿತ್ತು. ಆದ್ದರಿಂದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ನಕ್ಷತ್ರ ಜರುಗಿತೆನಿಸಿದಾಗೆಲ್ಲ ಒಂದು ಹಿತ್ತಾಳೆಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಎದ್ದು ಹೋದರೆ ನೋಡುವ ವಸ್ತು ಕ್ಯಾಮೆರಾದ ಕಣ್ಣು ತಪ್ಪಿಸಿ ಹೋಗಿಬಿಡುತ್ತದೆ. ಕೂರುವ ಮುಂಚೆ ಕನ್ನಡಕದಣ್ಣ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಇಷ್ಟೆಲ್ಲ ಹರಡಿಟ್ಟವನಿಗೆ ಮೊದಲು ಒಂದು ನಮಸ್ಕಾರ, ಆಮೇಲೆ ಕೆಲಸ.

ಅವರು ಆ ವರ್ಷ ನೋಡುತ್ತಿದ್ದದ್ದು ಒಂದು ಕಲ್ಲನ್ನು. ಮಂಗಳಗ್ರಹಕ್ಕೂ ಗುರುಗ್ರಹಕ್ಕೂ ನಡುವೆ ಲೆಕ್ಕವಿಲ್ಲದಷ್ಟು ಕಲ್ಲುಗಳು ಸೂರ್ಯನನ್ನು ಸುತ್ತುತ್ತವಲ್ಲ, ಅದರಲ್ಲೊಂದು. ಪುಸ್ತಕದವರು ಅವಕ್ಕೆ ಕ್ಷುದ್ರಗ್ರಹ ಎಂದು ಹೆಸರಿಟ್ಟಿದ್ದಾರೆ. ಆ ‘ಕ್ಷುದ್ರ’ ಎಂಬ ಮಾತು ಕನ್ನಡಕದಣ್ಣನವರಿಗೆ ಹಿಡಿಸುತ್ತಿರಲಿಲ್ಲ. ದೇವರು ಕೈಯಾಡಿಸಿದ್ದರಲ್ಲಿ ಕ್ಷುದ್ರ ಯಾವುದು ಎನ್ನುವವರು ಅವರು. ಮನೆಯಲ್ಲಿ ಅದಕ್ಕೆ ‘ಅಣ್ಣನ ಕಲ್ಲು’ ಎಂದೇ ಹೆಸರಾಯಿತು. ದೂರದೂರದ ಊರುಗಳಲ್ಲಿ ಇದೇ ಹುಚ್ಚು ಹಿಡಿದ ಕೆಲವರಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಹಂಚಿ, ಬಂದ ಅಳತೆಗಳನ್ನು ಜೋಡಿಸುವವರು ಒಬ್ಬ ನಿವೃತ್ತ ಮೇಡಂ. ಅವರು ಈ ಕಲ್ಲನ್ನು ಇವರ ಪಾಲಿಗೆ ಹಾಕಿದ್ದರು.

ಮಾಡುವ ಕೆಲಸ ಇಷ್ಟೇ: ಕಲ್ಲಿನ ಬೆಳಕು ಎಷ್ಟಿದೆ ಎಂದು ಗಳಿಗೆಗೊಮ್ಮೆ ಅಳೆಯುವುದು. ಎಷ್ಟು ಎಂದರೆ ಯಾವುದಕ್ಕೆ ಎಷ್ಟು? ಅದಕ್ಕೆ ಹತ್ತಿರದಲ್ಲೇ ಇರುವ, ಬೆಳಕು ಬದಲಾಗದ ಒಂದು ಸಾಧು ನಕ್ಷತ್ರವನ್ನು ಇಟ್ಟುಕೊಂಡು ಅದಕ್ಕೆ ಹೋಲಿಸಬೇಕು. ಕಲ್ಲು ಗುಂಡಗಿಲ್ಲ, ಸ್ವಲ್ಪ ಉದ್ದ. ಅದು ಗಿರಗಿರನೆ ತಿರುಗುವಾಗ ಅಗಲದ ಮೈ ತೋರಿದರೆ ಬೆಳಕು ಏರುತ್ತದೆ, ತುದಿ ತೋರಿದರೆ ಇಳಿಯುತ್ತದೆ. ಮರುದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅತ್ತಿಗೆ ಆ ಅಳತೆಗಳನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕೆ ಇಡುತ್ತಿದ್ದರು. ಚುಕ್ಕೆಗಳು ಸೇರಿ ಅಲೆಯಂತೆ ಏರಿ ಇಳಿಯುತ್ತಿದ್ದವು. ನೋಡಲು ಚೆನ್ನ. ಆದರೆ ಪ್ರತಿ ಸಲವೂ ಅಲೆಯ ನಡುವೆ ಯಾರೋ ಹಲ್ಲಿನಲ್ಲಿ ಕಚ್ಚಿದ ಹಾಗೆ ಒಂದು ತಗ್ಗು.

“ಇದೇನ್ರೀ, ದಿನಾ ಇದೇ ಜಾಗದಲ್ಲಿ ಇಲಿ ಕಡಿದ ಹಾಗಿದೆ?” ಎಂದು ಅತ್ತಿಗೆ ಕೇಳಿದರು.

“ಇಲಿ ಅಲ್ಲ, ನಿನ್ನ ಮೈದುನ. ಊಟ ಆದ್ಮೇಲೆ ಅವನು ಒಲೆ ಹಚ್ತಾನಲ್ಲ, ಸರಿಯಾಗಿ ಆ ಹೊತ್ತಿಗೆ ಬೀಳುತ್ತೆ” ಎಂದರು ಕನ್ನಡಕದಣ್ಣ.

ಅವರ ಮಾತಿನಲ್ಲಿ ನ್ಯಾಯವಿತ್ತು. ತಮ್ಮನ ಬೇಕರಿಯ ಒಲೆ ಎಂದರೆ ಅಪ್ಪ ಕಟ್ಟಿಸಿದ್ದು, ಒಬ್ಬ ಆಳು ಬಗ್ಗಿ ಒಳಗೆ ಕೂರಬಹುದಾದಷ್ಟು ದೊಡ್ಡ ಇಟ್ಟಿಗೆಯ ಗುಮ್ಮಟ. ರಾತ್ರಿ ಸೌದೆ ಒಟ್ಟಿ ಉರಿ ಹಾಕಿದರೆ ಬೆಳಗಿನವರೆಗೆ ಬ್ರೆಡ್ಡು ಬೇಯುತ್ತದೆ. ಅದರ ಹೊಗೆಕೊಳವೆ ಮಹಡಿಯ ಮೂಡಣ ಬದಿಗೆ, ಕಲ್ಲು ಏರಿ ಬರುವ ದಿಕ್ಕಿಗೇ ನಿಂತಿತ್ತು. ಕನ್ನಡಕದಣ್ಣ ಆ ಹೊತ್ತಿನ ಚಿತ್ರಗಳನ್ನೆಲ್ಲ ಕಂಪ್ಯೂಟರಿನ ಒಂದು ಮೂಲೆಗೆ ಹಾಕಿ ‘ಹೊಗೆ’ ಎಂದು ಹೆಸರಿಟ್ಟು, ಮತ್ತೆ ತಿರುಗಿ ನೋಡಲಿಲ್ಲ. ಮೇಡಂಗೆ ಕಳಿಸುವಾಗ ಆ ತುಂಡು ಕತ್ತರಿಸಿಯೇ ಕಳಿಸಿದರು. ಕಾರಣ ಗೊತ್ತಿರುವಾಗ ಹುಡುಕುವವರು ಯಾರು?

ಮೊದಮೊದಲು ಇದು ತಮಾಷೆಯಾಗಿಯೇ ಇತ್ತು. ತಗ್ಗು ಒಂದು ದಿನ ಆಳ, ಮರುದಿನ ಅಷ್ಟು ಆಳವಲ್ಲ, ಮತ್ತೆ ಆಳ. ಕನ್ನಡಕದಣ್ಣ ಕಿಂಡಿಯಲ್ಲಿ ಬಗ್ಗಿ ಕೇಳಿದರು:

“ಲೋ, ಒಂದು ದಿನ ಹಸಿ ಸೌದೆ, ಒಂದು ದಿನ ಒಣ ಸೌದೆ ಹಾಕ್ತೀಯೇನೋ?”

“ಸಿಕ್ಕಿದ್ದು ಹಾಕ್ತೀನಣ್ಣ. ಯಾಕೆ, ನಿನ್ನ ಕಲ್ಲು ಕೆಮ್ಮುತ್ತಾ?” ಎಂದು ತಮ್ಮ ಆಚೆಯಿಂದ ನಕ್ಕ.

ಆಮೇಲೆ ಸೆಖೆ ಏರತೊಡಗಿತು. ಹಿಟ್ಟಿಗೆ ಸೆಖೆ ಎಂದರೆ ಪ್ರಾಣ. ನಾದಿಟ್ಟ ಹಿಟ್ಟು ದಿನದಿನಕ್ಕೂ ಬೇಗ ಬೇಗ ಉಬ್ಬುತ್ತದೆ. ಅದು ಉಬ್ಬಿದ ಮೇಲೆ ಕಾಯಿಸುವ ಹಾಗಿಲ್ಲ, ಹುಳಿಯಾಗುತ್ತದೆ. ತಮ್ಮ ಒಲೆ ಹಚ್ಚುವ ಹೊತ್ತು ದಿನಕ್ಕಿಷ್ಟಿಷ್ಟು ಮುಂಚೆ ಬಂತು. ಆಕಾಶದ ಆಟ ನೋಡಿ, ಹಾಳೆಯ ಮೇಲಿನ ತಗ್ಗೂ ದಿನಕ್ಕಿಷ್ಟಿಷ್ಟು ಮುಂಚೆ ಬಂತು. ಕನ್ನಡಕದಣ್ಣನವರಿಗೆ ಅದು ಬೇರೆ ತರಹ ಕಂಡಿತು. ಕಲ್ಲು ಒಳ್ಳೆಯ ಎತ್ತರಕ್ಕೆ ಬರುವ ದಿನಗಳೇ ಇವು. ಹಾಳು ಹೊಗೆಯನ್ನು ಇನ್ನಷ್ಟು ತಡವಾಗಿ ಬಿಡಪ್ಪ ಎಂದು ತಾವು ಬಾಯಿಬಿಟ್ಟು ಕೇಳಿದ್ದಾರೆ. ಇವನು ನೋಡಿದರೆ ಮುಂಚೆ ಮುಂಚೆ ಹಚ್ಚುತ್ತಿದ್ದಾನೆ. ಸಿಟ್ಟು ಮೂಗಿನ ತುದಿಗೆ ಬಂತು.

ಒಂದು ಬೆಳಿಗ್ಗೆ ಅವರು ಕಿಂಡಿ ಬಿಟ್ಟು, ಬೀದಿ ಸುತ್ತಿ, ಬೇಕರಿಯ ಮುಂಬಾಗಿಲಿಗೆ ಹೋದರು. ಗಾಜಿನ ಪೆಟ್ಟಿಗೆಯ ಮುಂದೆ ನಾಲ್ಕಾರು ಜನ ನಿಂತಿದ್ದರು.

“ಏನಣ್ಣ, ಇವತ್ತು ಗಿರಾಕಿ ಹಾಗೆ ಬಂದೆ?” ಎಂದ ತಮ್ಮ.

“ನಿನ್ನೆ ಎಷ್ಟೊತ್ತಿಗೆ ಹಚ್ಚಿದೆ?”

“ಹಿಟ್ಟು ಉಬ್ಬಿದಾಗ ಹಚ್ಚಿದೆ.”

“ಸುಳ್ಳು ಹೇಳ್ಬೇಡ. ದಿನಾ ಸ್ವಲ್ಪ ಸ್ವಲ್ಪ ಮುಂಚೆ ಹಚ್ತಿದ್ದೀಯ. ಬೇಕಂತಲೇ ಮಾಡ್ತಿದ್ದೀಯ. ಬರೆದಿಟ್ಟ ಚುಕ್ಕೆ ಇದೆ ನನ್ನ ಹತ್ರ.”

ಬ್ರೆಡ್ಡಿಗೆ ಕೈಚಾಚಿದ್ದ ಒಬ್ಬಾಕೆ ಕೈ ಹಿಂತೆಗೆದುಕೊಂಡಳು. ತಮ್ಮ ತನ್ನ ಹಿಟ್ಟಿನ ಕೈಯನ್ನು ನೋಡಿಕೊಂಡ.

“ಹಿಟ್ಟಿಗೆ ಗಡಿಯಾರ ಇಲ್ಲಣ್ಣ” ಎಂದ ಮೆಲ್ಲಗೆ. “ಅದು ಉಬ್ಬಿದಾಗ ನಾನು ಏಳ್ಬೇಕು.”

“ಹಿಟ್ಟಿನ ಮೇಲೆ ಹಾಕ್ಬೇಡ. ಆಡೋದೊಂದು ಮಾಡೋದೊಂದು ನಿನ್ನದು” ಎಂದು ಹೇಳಿ ಕನ್ನಡಕದಣ್ಣ ಬಂದ ದಾರಿಯಲ್ಲೇ ತಿರುಗಿದರು.

ಆ ದಿನವೂ ಕಿಂಡಿಯಲ್ಲಿ ಬ್ರೆಡ್ಡು ಬಂತು, ಊಟ ಹೋಯಿತು. ಮಾತು ಮಾತ್ರ ಬರಲಿಲ್ಲ, ಹೋಗಲಿಲ್ಲ. ಹೀಗೇ ಕೆಲವು ದಿನ ಕಳೆದ ಮೇಲೆ ತಮ್ಮ ಖಾಲಿ ತಟ್ಟೆ ಈಚೆಗೆ ಚಾಚುತ್ತಾ, “ಅತ್ತಿಗೆ, ಬಸ್ ನಿಲ್ದಾಣದ ಹಿಂದೆ ಒಂದು ಮಳಿಗೆ ಸಿಕ್ಕಿದೆ. ಅಲ್ಲೇ ಹಿಂದ್ಗಡೆ ಮಲಗೋದಕ್ಕೂ ಜಾಗ ಇದೆ” ಎಂದ.

ಅತ್ತಿಗೆ ತಟ್ಟೆ ಹಿಡಿದುಕೊಂಡೇ ನಿಂತರು. “ಮತ್ತೆ ಒಲೆ?”

“ಬಿಚ್ಚಿಸಿ ಇಟ್ಟಿಗೆ ತಗೊಂಡು ಹೋಗ್ತೀನಿ. ಅಪ್ಪ ಆರಿಸಿ ತಂದ ಇಟ್ಟಿಗೆ, ಬಿಟ್ಟು ಹೋಗೋಕ್ಕಾಗಲ್ಲ.”

“ಊಟ?”

ಅವನು ಆಚೆಯಿಂದ ಕಿಂಡಿಯ ಬಾಗಿಲು ಎಳೆದುಕೊಂಡ. ಅಂಗಡಿಯ ಒಳಗೆ ಗಾಜು ತಿಕ್ಕುತ್ತಿದ್ದ ಕನ್ನಡಕದಣ್ಣನವರ ಕಿವಿಗೆ ಎಲ್ಲವೂ ಬಿತ್ತು. ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಹೋಗುವವನನ್ನು ಬೇಡ ಎಂದರೆ ತಾವು ಆಡಿದ ಮಾತನ್ನು ತಾವೇ ನುಂಗಬೇಕು. ಚುಕ್ಕೆಗಳೋ ಕಣ್ಣೆದುರಿಗೇ ಇವೆ. ಹೋಗಲಿ ಎನ್ನುವುದಕ್ಕೂ ಮನಸ್ಸಿಲ್ಲ. ಆ ಸಲ ಗಾಜು ಬೇಕಾದ್ದಕ್ಕಿಂತ ಹೆಚ್ಚು ಸವೆದು, ಬಿಸಾಡಬೇಕಾಯಿತು.

ಅಷ್ಟು ದೊಡ್ಡ ಒಲೆ ಒಂದೇ ದಿನಕ್ಕೆ ತಣ್ಣಗಾಗುವುದಿಲ್ಲ. ಉರಿ ಆರಿಸಿ ದಿನಗಳಾದರೂ ಇಟ್ಟಿಗೆಯ ಹೊಟ್ಟೆಯಲ್ಲಿ ಕಾವು ಇರುತ್ತದೆ. ಬಿಸಿಯಿದ್ದಾಗ ಕೈ ಹಾಕಿದರೆ ಇಟ್ಟಿಗೆ ಸೀಳುತ್ತದೆ. ತಮ್ಮ ಬೇಕರಿ ಮುಚ್ಚಿ, ಒಲೆಯ ಬಾಯಿ ತೆರೆದಿಟ್ಟು, ಆರಲು ಬಿಟ್ಟ. ಹಗಲು ಹೊಸ ಮಳಿಗೆಗೆ ಸುಣ್ಣ ಹೊಡೆಸುತ್ತಿದ್ದ, ರಾತ್ರಿ ಅಲ್ಲೇ ಉಳಿಯುತ್ತಿದ್ದ. ಮಹಡಿಯ ಮೇಲೆ ಹೊಗೆಯ ಸುಳಿವಿಲ್ಲ. ಆದರೆ ಮೋಡ ಬಂದು ಕವುಚಿಕೊಂಡಿತು. ಕನ್ನಡಕದಣ್ಣ ಮೇಲೆ ಹೋಗುವುದು, ಮುಖ ಎತ್ತಿ ನೋಡುವುದು, ಇಳಿದು ಬರುವುದು. ಕೆಳಗೆ ಬಂದರೆ ಬೆಳಗಿನ ಬ್ರೆಡ್ಡಿನ ವಾಸನೆ ಇಲ್ಲದ ಮನೆ. ಅತ್ತಿಗೆ ಮಾತ್ರ ದಿನಾ ಕಿಂಡಿಯ ಬಾಗಿಲನ್ನು ಒರೆಸುತ್ತಿದ್ದರು, ಅದರಲ್ಲಿ ಏನೂ ಧೂಳಿಲ್ಲದಿದ್ದರೂ.

ನಾಳೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಮೇಸ್ತ್ರಿ ಬಂದು ಒಲೆ ಬಿಚ್ಚುತ್ತಾನೆ ಎಂಬ ದಿನ ಸಂಜೆ ಮೋಡ ಹರಿಯಿತು. ತೊಳೆದಿಟ್ಟ ಗಾಜಿನಂಥ ಆಕಾಶ. ಕನ್ನಡಕದಣ್ಣ ಊಟ ಮುಗಿಸಿ ಮೇಲೆ ಹೋಗಿ, ಕಣ್ಣು ಮುಚ್ಚಿ ನಮಸ್ಕಾರ ಹಾಕಿ, ಕೂತರು. ಇಷ್ಟು ಚೊಕ್ಕಟವಾದ ರಾತ್ರಿ ಅವರಿಗೆ ಆ ವರ್ಷ ಸಿಕ್ಕಿರಲಿಲ್ಲ. ಹೊಗೆಕೊಳವೆ ಬರಿಯ ಕೊಳವೆಯಾಗಿ ನಿಂತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಅಲೆ ಸರಾಗವಾಗಿ ಏರಿತು. ಏರಿ, ಇಳಿಯುವುದಕ್ಕೆ ಇನ್ನೂ ಹೊತ್ತಿದೆ ಎನ್ನುವಾಗ, ಬಿತ್ತು.

ಅವರು ಕ್ಯಾಮೆರಾದ ತಂತಿ ಅಲುಗಿಸಿ ನೋಡಿದರು. ಗಾಜಿನ ಮೇಲೆ ಇಬ್ಬನಿಯೇನೋ ಎಂದು ದೀಪ ಹಿಡಿದು ನೋಡಿದರು. ಎದ್ದು ಹೋಗಿ ಕೈ ಚಾಚಿ ಹೊಗೆಕೊಳವೆಯ ಮೈ ಮುಟ್ಟಿದರು. ತಣ್ಣಗೆ, ಬಾವಿಯ ಕಲ್ಲಿನ ಹಾಗಿತ್ತು. ಮರಳಿ ಬಂದು ಸ್ಟೂಲಿನ ಮೇಲೆ ಕೂತರೆ ತಗ್ಗು ಇನ್ನೂ ಇಳಿಯುತ್ತಲೇ ಇತ್ತು. ತನ್ನ ಪಾಡಿಗೆ ತಳ ಮುಟ್ಟಿ, ತನ್ನ ಪಾಡಿಗೆ ಎದ್ದು ಬಂತು.

ಆಗ ಅವರಿಗೆ ‘ಹೊಗೆ’ ಎಂದು ಹೆಸರಿಟ್ಟು ಮೂಲೆಗೆ ತಳ್ಳಿದ್ದ ಚಿತ್ರಗಳ ನೆನಪಾಯಿತು. ಒಂದೊಂದಾಗಿ ತೆರೆದರು. ಹೊಗೆ ಅಡ್ಡ ಬಂದರೆ ಕಲ್ಲಿಗೂ ಬರಬೇಕು, ಪಕ್ಕದ ಸಾಧು ನಕ್ಷತ್ರಕ್ಕೂ ಬರಬೇಕು. ಇಷ್ಟು ಅವರಿಗೆ ಗೊತ್ತಿಲ್ಲದ್ದೇನಲ್ಲ, ಯಾರಾದರೂ ಹೊಸಬರು ಕೇಳಿದ್ದರೆ ತಾವೇ ಹೇಳಿಕೊಡುತ್ತಿದ್ದರು. ಪ್ರತಿ ಚಿತ್ರದಲ್ಲೂ ನಕ್ಷತ್ರ ಮಿಸುಕದೆ ಇದ್ದಷ್ಟೇ ಇತ್ತು. ಮಸುಕಾಗಿದ್ದು ಕಲ್ಲೊಂದೇ. ಎಷ್ಟೋ ರಾತ್ರಿ ಕಣ್ಣಮುಂದೆಯೇ ಇದ್ದದ್ದನ್ನು ಅವರು ತಮ್ಮನ ಒಲೆಗೆ ತುರುಕಿಬಿಟ್ಟಿದ್ದರು.

ಕೆಳಗೆ ಬಂದು ಅತ್ತಿಗೆಯ ಮುಂದೆ ಕೂತು, “ಅದಕ್ಕೊಂದು ಜೊತೆ ಇದೆ ಕಣೇ” ಎಂದರು.

“ಯಾವುದಕ್ಕೆ?”

“ಕಲ್ಲಿಗೆ. ಒಂದು ಕಲ್ಲಲ್ಲ, ಎರಡು. ದೊಡ್ಡದರ ಸುತ್ತ ಒಂದು ಚಿಕ್ಕದು ಸುತ್ತುತ್ತಾ ಇದೆ. ಚಿಕ್ಕದು ದೊಡ್ಡದರ ಮುಂದೆ ಬಂದಾಗ ಒಂದು ತಗ್ಗು, ಹಿಂದೆ ಹೋಗಿ ಮರೆಯಾದಾಗ ಇನ್ನೊಂದು. ಅದಕ್ಕೇ ಒಂದು ಆಳ, ಒಂದು ಆಳ ಇಲ್ಲ. ನಾನು ಸೌದೆ ಹಸಿ, ಸೌದೆ ಒಣ ಅಂದ್ಕೊಂಡು ಕೂತಿದ್ದೆ.”

ಅತ್ತಿಗೆ, “ಹಾಗಾದ್ರೆ ಎದ್ದು ಹೋಗಿ ಹೇಳಿ ಬನ್ನಿ” ಎಂದರು.

“ಈಗ್ಲಾ? ಅವನು ಬಸ್ ನಿಲ್ದಾಣದ ಹತ್ರ ಮಲಗಿರ್ತಾನೆ.”

“ಎಬ್ಬಿಸಿದ್ರೆ ಏಳ್ತಾನೆ.”

“ಖಾತ್ರಿ ಮಾಡ್ಕೊಂಡು ಹೇಳ್ತೀನಿ. ಇಂಥ ಪುಟ್ಟ ಜೋಡಿಗಳು ಒಂದು ಹಗಲು ರಾತ್ರಿ ಕಳೆಯೋದ್ರೊಳಗೇ ಸುತ್ತು ಮುಗಿಸ್ತವಂತೆ. ನನ್ನ ಲೆಕ್ಕ ಸರಿ ಇದ್ರೆ ಬೆಳಗಿನ ಜಾವ ಇನ್ನೊಂದು ತಗ್ಗು ಬರ್ಬೇಕು. ಆಗ ಕಲ್ಲು ಪಡುವಣಕ್ಕಿರುತ್ತೆ, ಹೊಗೆಕೊಳವೆ ಮೂಡಣಕ್ಕೆ. ಅದೊಂದನ್ನ ನೋಡಿಬಿಟ್ರೆ ಯಾರೂ ಎದುರಾಡೋ ಹಾಗಿಲ್ಲ.”

“ಯಾರು ಎದುರಾಡ್ತಾರೆ ಅಂತ ನಿಮಗೆ ಭಯ? ಅವನೇ?” ಎಂದರು ಅತ್ತಿಗೆ. ಕನ್ನಡಕದಣ್ಣ ಎದ್ದು ಹಾಸಿಗೆಗೆ ಹೋದರು. ಬರಿಗೈಯಲ್ಲಿ ಹೋಗಿ ತಪ್ಪಾಯಿತೆನ್ನುವುದಕ್ಕಿಂತ ಕೈಯಲ್ಲಿ ಒಂದು ಚುಕ್ಕೆಯ ಹಾಳೆ ಹಿಡಿದು ಹೋಗುವುದು ಸುಲಭ ಎಂದು ಮನಸ್ಸು ಹೇಳುತ್ತಿತ್ತು. ಅದು ಹಿರಿಯತನವೋ ಹೇಡಿತನವೋ ಎಂದು ಕೇಳಿಕೊಳ್ಳುವಷ್ಟರಲ್ಲಿ ನಿದ್ದೆ ಬಂತು.

ಕೋಳಿ ಕೂಗುವ ಮುಂಚೆ ಎದ್ದು ಮತ್ತೆ ಮೇಲೆ ಹೋದರು. ಕಲ್ಲು ಪಡುವಣಕ್ಕೆ ವಾಲಿತ್ತು. ಬೀದಿಯಲ್ಲಿ ನಾಯಿಯೂ ಎದ್ದಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು ಕೂತರು. ಅಲೆ ಮೊದಲು ಸಮವಾಗಿ ಹೋಯಿತು. ಆಮೇಲೆ ಒಂದು ಚುಕ್ಕೆ ಕೆಳಗೆ. ಇನ್ನೊಂದು ಚುಕ್ಕೆ ಇನ್ನೂ ಕೆಳಗೆ. ಬಂತು. ಯಾರೂ ಕಾಣದ, ಅವರ ದೂರದರ್ಶಕದಿಂದಲೂ ಕಾಣುವ ಹಾಗಿಲ್ಲದ ಆ ಎರಡನೆಯ ಕಲ್ಲು ತನ್ನ ನೆರಳಿನಿಂದಲೇ ತಾನಿದ್ದೇನೆ ಎಂದು ಹೇಳುತ್ತಿತ್ತು. ಕನ್ನಡಕದಣ್ಣನವರ ಕಣ್ಣು ತೇವವಾಯಿತು. ತಳ ಮುಟ್ಟುವುದಕ್ಕೆ ಇನ್ನು ಸ್ವಲ್ಪ ಹೊತ್ತು, ಬೆಳಕು ಹರಿಯುವುದಕ್ಕೂ ಸ್ವಲ್ಪವೇ ಹೊತ್ತು. ತಳ ಸಿಕ್ಕರೆ ಚಿಕ್ಕ ಕಲ್ಲು ಎಷ್ಟು ಚಿಕ್ಕದು ಎಂದು ಲೆಕ್ಕ ಹಾಕಬಹುದು.

ಆಗ ಗೋಡೆಯಾಚೆಯಿಂದ ಸದ್ದು ಬಂತು. ಟಣ್. ಉಳಿಯ ಮೇಲೆ ಸುತ್ತಿಗೆ ಬಿದ್ದ ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು. ಆಮೇಲೆ ಇಟ್ಟಿಗೆಯೊಂದನ್ನು ನೆಲಕ್ಕಿಟ್ಟ ಸದ್ದು.

ಬಿಸಿಲೇರುವ ಮುಂಚೆ ಎಂದರೆ ಮೇಸ್ತ್ರಿ ಇಷ್ಟು ಬೇಗ ಬರುತ್ತಾನೆಂದು ಅವರು ಎಣಿಸಿರಲಿಲ್ಲ. ಅವರ ಬೆರಳು ಗುಂಡಿಯ ಮೇಲಿತ್ತು. ಕಲ್ಲು ಮೆಲ್ಲಗೆ ಜರುಗಿತು. ಅವರು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿದರು. ಕೆಳಗೆ ಮತ್ತೆ ಟಣ್ ಎಂದಿತು. ಗುಮ್ಮಟಕ್ಕೆ ಮೇಲಿನ ಒಂದು ಇಟ್ಟಿಗೆ ಹೋದರೆ ಮುಗಿಯಿತು, ಇಡೀ ಗುಮ್ಮಟ ಕೂರುತ್ತದೆ. ಅಪ್ಪ ಕಟ್ಟಿಸುವಾಗ ಇಬ್ಬರೂ ಪಕ್ಕದಲ್ಲಿ ನಿಂತು ನೋಡಿದವರು. ಆಕಾಶದ ತಗ್ಗು ಮತ್ತೆ ಬರುತ್ತದೆ, ಇವತ್ತಲ್ಲದಿದ್ದರೆ ನಾಳೆ, ಯಾರಿಗಾದರೂ ಸಿಗುತ್ತದೆ. ಕನ್ನಡಕದಣ್ಣ ಬೆರಳು ತೆಗೆದರು. ಮೆಟ್ಟಿಲಿಳಿದು, ಕತ್ತಲಲ್ಲಿ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು, ಬೀದಿ ಸುತ್ತಿ ಓಡಿದರು.

ಬೇಕರಿಯೊಳಗೆ ಒಂದು ದೀಪ ಉರಿಯುತ್ತಿತ್ತು. ಹಿಂದೆ ಗೋಡೆ ಕಟ್ಟಿ ಕಿಂಡಿ ಬಿಟ್ಟ ಅದೇ ಮೇಸ್ತ್ರಿ, ಈಗ ತಲೆ ನರೆತವನು, ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಿನಲ್ಲಿದ್ದ. ಬಾಯಿಯ ಸುತ್ತಿನ ಇಟ್ಟಿಗೆಗಳಷ್ಟೇ ಬಿಚ್ಚಿದ್ದವು. ತಮ್ಮ ಅವನ್ನು ಗೋಣಿಯ ಮೇಲೆ ಒಪ್ಪವಾಗಿ ಜೋಡಿಸುತ್ತಿದ್ದ.

“ನಿಲ್ಸಪ್ಪ” ಎಂದರು ಕನ್ನಡಕದಣ್ಣ ಏದುಸಿರು ಬಿಡುತ್ತ.

ಮೇಸ್ತ್ರಿ ಅವರ ಚಪ್ಪಲಿ ನೋಡಿದ, ಮುಖ ನೋಡಿದ. ಸುತ್ತಿಗೆ ಕೆಳಗಿಟ್ಟ.

“ಹೊಗೆ ಅಲ್ಲ ಕಣೋ” ಎಂದರು ತಮ್ಮನಿಗೆ. “ಒಲೆ ತಣ್ಣಗಿದೆ, ಆದ್ರೂ ನಿನ್ನೆ ತಗ್ಗು ಬಂತು. ಈಗ ಮತ್ತೆ ಬಂದಿದೆ. ಕಲ್ಲಿಗೆ ಇನ್ನೊಂದು ಕಲ್ಲು ಜೊತೆ ಇದೆ. ಅದರ ನೆರಳು.”

“ಈಗ ಬಂದಿದೆ ಅಂದ್ರೆ?”

“ಈಗ, ಇದೇ ಹೊತ್ನಲ್ಲಿ, ಮೇಲೆ ಬೀಳ್ತಾ ಇದೆ.”

ತಮ್ಮನ ಕೈಯಲ್ಲಿನ ಇಟ್ಟಿಗೆ ಹಾಗೇ ನಿಂತಿತು. “ಮತ್ತೆ ನೀನಿಲ್ಲಿ ಏನು ಮಾಡ್ತಿದ್ದೀಯ? ಗುಂಡಿ ಹತ್ರ ಯಾರಿದ್ದಾರೆ?”

“ಯಾರೂ ಇಲ್ಲ.”

“ನಿನಗೇನು ತಲೆ ಕೆಟ್ಟಿದೆಯಾ ಅಣ್ಣ? ಹೋಗು ಮೊದ್ಲು, ಮಿಕ್ಕಿದ್ದು ಆಮೇಲೆ.”

“ನೀನು ಇರ್ತೀನಿ ಅನ್ನೋವರೆಗೂ ಹೋಗಲ್ಲ.”

ತಮ್ಮ ಇಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗೋಣಿಯ ಅಂಚಿಗೆ ಕೂತ. “ನಾನು ಹೋಗ್ತಿರೋದು ಹೊಗೆಗೆ ಅಂದ್ಕೊಂಡ್ಯಾ? ಹೊಗೆಗೆ ಬೈಯಿಸಿಕೊಳ್ಳೋದು ನನಗೇನು ಹೊಸದಲ್ಲ. ನಾಲ್ಕು ಜನರ ಮುಂದೆ ಸುಳ್ಳ ಅಂದೆ ನೋಡು. ಅದು ನನಗೆ ಮೈದಾ ಮೂಟೆ ಎತ್ತುವಾಗ್ಲೂ ನೆನಪಾಗುತ್ತೆ.”

ಕನ್ನಡಕದಣ್ಣನವರಿಗೆ ತಾವು ಹಿಡಿದು ಬರಬೇಕೆಂದಿದ್ದ ಹಾಳೆ ಈಗ ಯಾವ ಪ್ರಯೋಜನಕ್ಕೂ ಬಾರದ್ದೆಂದು ತಿಳಿಯಿತು. ಚುಕ್ಕೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

“ನೀನು ನಿಜಾನೇ ಹೇಳಿದ್ದೆ” ಎಂದರು. “ಹಿಟ್ಟು ಉಬ್ಬಿದಾಗಲೇ ಹಚ್ತಿದ್ದೆ. ಸುಳ್ಳಾಡಿದ್ದು ನಾನು. ಬೇಕರಿ ತೆಗೆದ ದಿನ ಆ ನಾಲ್ಕು ಜನರ ಮುಂದೇನೇ ನಿಂತು ಹೇಳ್ತೀನಿ.”

“ನನ್ನನ್ನ ಒಬ್ಬ ಅಂತ ಹಿಡ್ಕೊಂಡ್ರೆ ಇನ್ನು ಮೂರು ಜನ ಸಾಕು” ಎಂದ ಮೇಸ್ತ್ರಿ, ಬೀಡಿಗಾಗಿ ಜೇಬು ತಡಕುತ್ತ.

ತಮ್ಮ ನಗಲಿಲ್ಲ. ಆದರೆ ಅವನ ಭುಜ ಸಡಿಲವಾಯಿತು. ಒಲೆಯ ತೆರೆದ ಬಾಯನ್ನು, ಅದರ ಒಳಗಿನ ಕತ್ತಲನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮಡಿಲಿನ ಇಟ್ಟಿಗೆಯನ್ನು ಎತ್ತಿ ಮೇಸ್ತ್ರಿಯ ಕಡೆ ಚಾಚಿದ.

“ಇದು ಎಲ್ಲಿತ್ತೋ ಅಲ್ಲೇ ಕೂರ್ಸು ಮೇಸ್ತ್ರಿ.”

“ಕಟ್ಟೋಕ್ಕೂ ಕರೀತೀರಿ, ಕೆಡವೋಕ್ಕೂ ಕರೀತೀರಿ, ಕೆಡವಿದ್ದು ಕಟ್ಟೋಕ್ಕೂ ಕರೀತೀರಿ” ಎಂದು ಗೊಣಗಿದ ಮೇಸ್ತ್ರಿ. ಆದರೂ ಇಟ್ಟಿಗೆ ತೆಗೆದುಕೊಂಡ.

“ಈಗಲಾದ್ರೂ ಹೋಗಣ್ಣ” ಎಂದ ತಮ್ಮ.

ಹೋಗುವುದಕ್ಕೆ ಏನೂ ಉಳಿದಿರಲಿಲ್ಲ. ಬಾಗಿಲಿನಿಂದ ಕಾಣುವಷ್ಟು ಆಕಾಶ ಆಗಲೇ ಬೂದಿಬಣ್ಣಕ್ಕೆ ತಿರುಗಿತ್ತು. ಕನ್ನಡಕದಣ್ಣ ಅಲ್ಲೇ ಕೂತು, ಇನ್ನೊಂದು ಇಟ್ಟಿಗೆ ಎತ್ತಿ, ಅದಕ್ಕೆ ಅಂಟಿದ ಗಾರೆಯನ್ನು ಉಗುರಿನಿಂದ ಕೆರೆಯತೊಡಗಿದರು. ಗೋಡೆಯ ಕಿಂಡಿ ತೆರೆದ ಸದ್ದಾಯಿತು. ಅತ್ತಿಗೆ ಎಷ್ಟು ಹೊತ್ತಿನಿಂದ ಅದರ ಹಿಂದೆ ನಿಂತಿದ್ದರೋ, ಮೂರು ಲೋಟ ಚಹಾ ಇಟ್ಟು, “ಚಪ್ಪಲಿ ಕೊಟ್ಟು ಕಳಿಸಿ” ಎಂದಷ್ಟೇ ಹೇಳಿದರು.

ಬೇಕರಿ ತೆರೆದ ದಿನ ಕನ್ನಡಕದಣ್ಣ ಬೀದಿ ಸುತ್ತಿ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿದರು. ಅಂದು ಕೈ ಹಿಂತೆಗೆದುಕೊಂಡಿದ್ದ ಆ ಹೆಂಗಸೂ ಇದ್ದಳು. ಆಕೆಗೆ ಕಲ್ಲಿನ ಕಥೆ ಪೂರ್ತಿ ಅರ್ಥವಾಗಲಿಲ್ಲ; ಅಣ್ಣ ತಮ್ಮ ಮಾತಾಡುತ್ತಿದ್ದಾರೆ ಎಂಬುದು ಅರ್ಥವಾಗಿ, ಎರಡು ಬ್ರೆಡ್ಡು ಹೆಚ್ಚಾಗಿ ಕೊಂಡಳು.

ಮೇಡಂಗೆ ಎಲ್ಲ ಅಳತೆಗಳೂ ಹೋದವು, ‘ಹೊಗೆ’ಯ ಮೂಲೆಯವೂ ಸೇರಿ. ಅವರು ಬೇರೆ ಊರಿನ ಇಬ್ಬರನ್ನು ಆ ಕಲ್ಲಿನ ಕಡೆ ತಿರುಗಿಸಿದರು. ದಿನಗಳು ಕಳೆದು ಉತ್ತರ ಬಂತು: ಹೌದು, ಎರಡು. ದೊಡ್ಡದು ತನ್ನ ಪಾಡಿಗೆ ಬೇಗಬೇಗ ತಿರುಗುತ್ತದೆ. ಚಿಕ್ಕದು ಅದರ ಕಡೆಗೆ ಯಾವಾಗಲೂ ಒಂದೇ ಮುಖ ತೋರುತ್ತ ಸುತ್ತುತ್ತಿರಬಹುದು, ಅಂಥವು ಬಹಳ ಮಟ್ಟಿಗೆ ಹಾಗೇ ಇರುತ್ತವೆ. ಕನ್ನಡಕದಣ್ಣ ಇದನ್ನು ಕಿಂಡಿಯಲ್ಲಿ ಓದಿ ಹೇಳಿದರು.

“ಚಿಕ್ಕದಕ್ಕೆ ಊಟ ಯಾವ ಕಿಂಡೀಲಿ ಹೋಗುತ್ತೆ ಕೇಳು” ಎಂದ ತಮ್ಮ, ಬಾಯಿ ತುಂಬ ತುತ್ತಿಟ್ಟುಕೊಂಡು.

ಮೇಡಂ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಬೆಳಗಿನ ಜಾವದ ಆ ತಗ್ಗು ಇಳಿಯುವುದು ಚೆನ್ನಾಗಿ ಸಿಕ್ಕಿದೆ, ಆದರೆ ತಳ ಮುಟ್ಟುವ ಮುಂಚೆಯೇ ಚುಕ್ಕೆಗಳು ನಿಂತುಬಿಟ್ಟಿವೆ. ಮೋಡ ಬಂತೆ, ಇಲ್ಲ ಮತ್ತೆ ಹೊಗೆಯೆ? ಇಂಥದ್ದಕ್ಕೆ ಕಾರಣ ಬರೆದಿಡುವುದು ಅವರಲ್ಲಿ ಪದ್ಧತಿ.

ಕನ್ನಡಕದಣ್ಣ ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದರು: “ಎರಡೂ ಅಲ್ಲ. ಆ ಹೊತ್ತಿಗೆ ನಾನು ತಮ್ಮನ ಮನೆಯಲ್ಲಿದ್ದೆ.”